ಬೇವೂರು ದಾರಿಯಲ್ಲಿ ಕುದಿದ ಕಾರು

"ಮುಚ್ಚಳ ಮುಟ್ಟಬ್ಯಾಡ್ರಿ ಸಾಹೇಬ್ರ. ಮಾರಿ ಸುಟ್ಟೀತು."

ರೇಡಿಯೇಟರಿನತ್ತ ಚಾಚಿದ್ದ ಕೈಯನ್ನು ಪಿಎಸ್‌ಐ ಸುಭಾಷ್ ತಟ್ಟನೆ ಹಿಂದಕ್ಕೆ ತೆಗೆದುಕೊಂಡರು. ಎಎಸ್‌ಐ ಹುಚ್ಚೀರಪ್ಪ ಕಾರಿನ ಎದುರು ಕುಕ್ಕರಗಾಲಲ್ಲಿ ಕುಳಿತು ಎಂಜಿನ್ನಿಗೆ ಕಿವಿ ಕೊಟ್ಟಿದ್ದ. ಎಷ್ಟೋ ವರ್ಷ ಠಾಣೆಯ ಜೀಪು ಓಡಿಸಿ ಆಮೇಲೆ ಬಡ್ತಿ ಕಂಡವನು ಅವನು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ತನಕ ಇಳಿದಿತ್ತು.

ಯಲಬುರ್ಗಾ ಠಾಣೆಯ ಅಂಗಳದಲ್ಲಿ ಬಿಸಿಲು ಕಾದ ಹಂಚಿನಂತೆ ಬಿದ್ದುಕೊಂಡಿತ್ತು. ಕಾಗೆಯೂ ಕೂಗುತ್ತಿರಲಿಲ್ಲ.

ಮೊನ್ನೆ ಬೇವೂರಿನಿಂದ ಕೊಪ್ಪಳದ ಆಸ್ಪತ್ರೆಗೆ ಹೊರಟ ಮುದುಕ ಬಾಬಾಸಾಬ ಇದೇ ಕಾರು ಕುದ್ದು ನಿಂತ ಜಾಗದಲ್ಲಿ, ಹಿಂದಿನ ಸೀಟಿನಲ್ಲಿ ಮಲಗಿದಂತೆಯೇ ಸತ್ತಿದ್ದ. ಅದರ ಹಿಂದಿನ ದಿನ ಯಲಬುರ್ಗಾದ ತನ್ನ ಗ್ಯಾರೇಜಿನಲ್ಲಿ ಕಾರಿನ ಕೂಲಿಂಗ್ ಕೆಲಸ ಮಾಡಿಕೊಟ್ಟಿದ್ದ ಮೆಕ್ಯಾನಿಕ್ ಜಹೀರ ನಿನ್ನೆಯಿಂದ ಲಾಕಪ್ಪಿನಲ್ಲಿದ್ದ.

ಜಹೀರ ಬೇರೆ ಯಾರೋ ಅಲ್ಲ, ಬಾಬಾಸಾಬನ ಕಿರಿ ಅಳಿಯ. ಮುದುಕನ ಒಪ್ಪಿಗೆಯಿಲ್ಲದೆ ಗುಲ್ಶನಳನ್ನು ನಿಕಾ ಮಾಡಿಕೊಂಡವನು. ಅಂದಿನಿಂದ ಮಾವ ಅಳಿಯ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಹಿರಿಮಗಳು ಮುಬಾಶಿರಾ ಕೊಟ್ಟ ದೂರಿನಲ್ಲಿ ಇದ್ದದ್ದು ಒಂದೇ ಮಾತು: ಹಗೆ ಇಟ್ಟುಕೊಂಡು ಬೇಕಂತಲೇ ಗಾಡಿ ಕೆಡಿಸಿ ಕೊಟ್ಟ.

"ಏನ್ ಕೆಟ್ಟೈತಿ ಹೇಳ್ರಿ ಹುಚ್ಚೀರಪ್ಪನವರ," ಎಂದರು ಸುಭಾಷ್. "ಸಂಜಿಗೆ ಜಹೀರನ್ನ ಕೋರ್ಟಿಗೆ ಹಾಜರ ಮಾಡ್ಬೇಕು."

"ಅದಾ ತಿಳೀವಲ್ದರಿ. ಏನೂ ಕೆಟ್ಟಿಲ್ಲ."

ಬೆಳಗಿನಿಂದ ಅವನು ಒಂದೊಂದನ್ನೇ ನೋಡುತ್ತ ಬಂದಿದ್ದ. ರೇಡಿಯೇಟರಿನ ಮೈ ಮೇಲೆ ಕೆಸರಿಲ್ಲ, ಹೊಟ್ಟಿಲ್ಲ. ಮುಚ್ಚಳದ ರಬ್ಬರು ಹೊಸದು. ಪೈಪುಗಳ ಕ್ಲಿಪ್ಪು ಬಿಗಿ. ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ಮೂಗಿಗೆ ಹಿಡಿದಿದ್ದ. ನೀರು ಬೆರೆತಿದ್ದರೆ ಎಣ್ಣೆ ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗಬೇಕು, ಹಾಗೇನೂ ಇರಲಿಲ್ಲ. ಒಳಗೆ ಮಾತ್ರ ನೀರು ಅರ್ಧಕ್ಕಿಂತ ಕಡಿಮೆ ಇತ್ತು. ತುಂಬಿಸಿದ, ಒಂದು ಹನಿ ಸೋರಲಿಲ್ಲ. ಚಾಲೂ ಮಾಡಿದ. ಮೇಲಿನ ಪೈಪು ಬಿಸಿಯಾಯಿತು, ಸ್ವಲ್ಪ ಹೊತ್ತಿಗೆ ಕೆಳಗಿನದೂ ಬಿಸಿಯಾಯಿತು. ಅಂದರೆ ನಡುವಿನ ವಾಲ್ವು ತೆರೆದುಕೊಳ್ಳುತ್ತಿದೆ, ನೀರು ತಿರುಗುತ್ತಿದೆ.

ಆದರೂ ಬಿಸಿ ತೋರಿಸುವ ಮುಳ್ಳು ಏರುತ್ತಲೇ ಇತ್ತು.

"ಹಿಂಗ ನಿಂತಲ್ಲೇ ಏರಾಕ ಹತ್ತೈತಿ," ಎಂದ ಹುಚ್ಚೀರಪ್ಪ ಕೀಲಿ ತಿರುಗಿಸಿ ಬಂದ್ ಮಾಡುತ್ತ. "ಫ್ಯಾನ್ ತಿರುಗವಲ್ದು."

"ಮತ್ತ ಅದಾ ಅಲ್ಲೇನ್ರಿ? ಫ್ಯಾನ್ ಕೆಡಿಸಿ ಕೊಟ್ಟಾನ."

"ಫ್ಯಾನ್ ನಿಂತ ಗಾಡಿ ಓಡುವಾಗ ಇಷ್ಟು ಕುದಿಯಂಗಿಲ್ರಿ. ಓಡುವಾಗ ಎದುರಿನ ಗಾಳಿನ ಅದಕ್ಕ ಬೀಸಣಿಕಿ. ಎಂಜಿನ್ ಚಾಲೂ ಇಟ್ಟು ನಿಂತರ ಮಾತ್ರ ಕುದಿತೈತಿ."

"ಎಲ್ಲೂ ನಿಂದ್ರಸಲಾರದ ಬಂದೀನಿ ಅಂತ ನಜೀಬ ಬರೆದು ಕೊಟ್ಟಾನಲ್ಲ!"

"ಹೂನ್ರಿ. ಬರದಾನ."

ನಜೀಬ ಬಾಬಾಸಾಬನ ಹಿರಿ ಅಳಿಯ, ಮುಬಾಶಿರಾಳ ಗಂಡ. ಕೊಪ್ಪಳದಲ್ಲಿ ಚಪ್ಪಲಿ ಅಂಗಡಿ. ಕಾರು ಅವನದೇ, ಆ ದಿನ ಓಡಿಸಿದವನೂ ಅವನೇ. ಮುಬಾಶಿರಾ ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದಳು. ಕಾರಿನಲ್ಲಿದ್ದವರು ಇಬ್ಬರೇ, ಮಾವ ಮತ್ತು ಅಳಿಯ.

ಹುಚ್ಚೀರಪ್ಪ ಫ್ಯಾನಿನಿಂದ ಹೊರಟ ವೈರನ್ನು ಬೆರಳಲ್ಲಿ ಹಿಡಿದು ಹಿಂದೆ ಹಿಂದೆ ಹೋದ, ಕಳೆದ ದನದ ಹೆಜ್ಜೆ ನೋಡುತ್ತ ಹೋಗುವವನಂತೆ. ಹೊಸ ಕೆಂಪು ವೈರು ಎಂಜಿನ್ನಿನ ಹಿಂದಿನ ತಗಡಿನ ತೂತಿನಲ್ಲಿ ನುಸುಳಿ ಕಾರಿನೊಳಗೆ ಇಳಿದಿತ್ತು. ಎಡಗಡೆಯ ಮುಂದಿನ ಸೀಟಿನ ಎದುರು, ಮೊಣಕಾಲು ತಾಗುವ ಜಾಗದಲ್ಲಿ ಒಂದು ಸಣ್ಣ ಕರಿ ಸ್ವಿಚ್ಚು.

ಬೇಸಿಗೆ ಬಂತೆಂದರೆ ನಮ್ಮ ಕಡೆಯ ಮೆಕ್ಯಾನಿಕ್‌ಗಳು ಫ್ಯಾನನ್ನು 'ಡೈರೆಕ್ಟ್' ಮಾಡುತ್ತಾರೆ. ಬಿಸಿಯಾದಾಗ ತಾನಾಗಿ ತಿರುಗಲಿ ಎಂದು ಕಂಪನಿಯವರು ಇಟ್ಟ ಸೆನ್ಸರನ್ನು ಈ ಬಿಸಿಲಲ್ಲಿ ಯಾರೂ ನಂಬುವುದಿಲ್ಲ. ಗಾಡಿ ಚಾಲೂ ಇರುವ ತನಕ ಫ್ಯಾನು ತಿರುಗುತ್ತಲೇ ಇರಲಿ ಎಂದು ನೇರ ವೈರು ಎಳೆದು ಒಂದು ಸ್ವಿಚ್ಚು ಕೂರಿಸಿ, ಇದನ್ನು ಮುಟ್ಟಬೇಡಿ ಎಂದು ಹೇಳಿ ಕಳಿಸುತ್ತಾರೆ. ಜೀವ ಉಳಿಯಲಿ ಎಂದೇ ಮಾಡುವ ಕೆಲಸ ಅದು.

ಸ್ವಿಚ್ಚು ಕೆಳಮುಖವಾಗಿತ್ತು. ಕಾರನ್ನು ಮತ್ತೆ ಚಾಲೂ ಮಾಡಿ ಹುಚ್ಚೀರಪ್ಪ ಅದನ್ನು ಮೇಲಕ್ಕೆ ಒತ್ತಿದ.

ಗುಂಯ್ ಎಂದು ಫ್ಯಾನು ಎದ್ದಿತು. ಇಡೀ ಕಾರು ಹಿಟ್ಟಿನ ಗಿರಣಿಯ ಹಾಗೆ ಮೊರೆಯತೊಡಗಿತು. ಸುಭಾಷ್ ಏನೋ ಹೇಳಿದರು. ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ.

"ಏನಂದ್ರಿ?"

"ಯಾರು ಆಫ್ ಮಾಡಿದ್ರು ಅಂದೆ!"

ಹುಚ್ಚೀರಪ್ಪ ಕೀಲಿ ತಿರುಗಿಸಿದ. "ಜಹೀರ ಆಫ್ ಮಾಡೇ ಕೊಟ್ಟಿದ್ದ ಅಂದ್ರ ಅವತ್ತಾ ಯಲಬುರ್ಗಾ ಬಜಾರದ ಗದ್ದಲದಾಗ ಕುದಿದು ನಿಂದ್ರತಿತ್ತು. ಬೇವೂರು ಮುಟ್ಟತಿದ್ದಿಲ್ಲ."

"ಅದು ನಿಮ್ಮ ಲೆಕ್ಕಾಚಾರ ಆತು. ಕೋರ್ಟಿಗೆ ಸಾಲಂಗಿಲ್ಲ. ಜಹೀರ ಹಿಡಿದು ತಂದಾಗಿಂದ ತುಟಿ ಬಿಚ್ಚಿಲ್ಲ. ತಪ್ಪಿಲ್ಲದವ ಹಿಂಗ ಕುಂದ್ರತಾನೇನು?" ಸುಭಾಷ್ ಟೋಪಿ ತೆಗೆದು ಹಣೆ ಒರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ. "ಆಫ್ ಮಾಡಿದ ಕೈ ಅವನದಲ್ಲ ಅಂದ್ರ ಮತ್ಯಾರದು? ಆ ಹೆಸರು ತಂದು ಕೊಡ್ರಿ. ಸಂಜಿಯೊಳಗ ತಂದ್ರ ನಾನಾ ಕೀಲಿ ತಗದು ಮನಿಗೆ ಕಳಸ್ತೀನಿ. ಇಲ್ಲಾಂದ್ರ ಕೊಲಿ ಕೇಸು, ಜೈಲು."

ಹುಚ್ಚೀರಪ್ಪ ಸೂರ್ಯನತ್ತ ನೋಡಿದ. ನೆತ್ತಿ ದಾಟಿತ್ತು.

*

ಹುಚ್ಚೀರಪ್ಪ ಬೇವೂರಿನಿಂದ ಕೊಪ್ಪಳದ ಕಡೆ ಓಡಿಸುತ್ತಿದ್ದ ಜೀಪಿನಲ್ಲಿ ನಜೀಬ ಪಕ್ಕಕ್ಕೆ ಕುಳಿತಿದ್ದ. ಮಾವನ ಮಣ್ಣು ಮಾಡಿ ಬಂದ ಮೇಲೆ ಅವನು ನಿದ್ದೆ ಮಾಡಿದಂತೆ ಕಾಣಲಿಲ್ಲ.

"ಎಲ್ಲಿ ಮುಳ್ಳು ಏರಿದ್ದು ಕಂಡಿ ತಮ್ಮಾ?"

"ಮುಂದ ಐತ್ರಿ. ಬನ್ನಿಗಿಡದ ತಿರುವಿನ್ಯಾಗ. ಹೊಗಿ ಬಂದಂಗಾತು, ಬಂದ್ ಮಾಡಿದೆ."

"ಅದಕ್ಕೂ ಮೊದಲ ಎಲ್ಲೂ ನಿಂತಿಲ್ಲ?"

"ಇಲ್ರಿ. ಜೀವ ಹೋಗೂ ಮನಷ್ಯಾನ್ನ ಕರಕೊಂಡು ಹೊಂಟಾವ ಯಾಕ ನಿಂದ್ರಲಿ?"

ಎರಡೂ ಕಡೆ ಎರೆಹೊಲ ಬಾಯಿ ಬಿಟ್ಟುಕೊಂಡು ಮಲಗಿತ್ತು. ದೂರದ ರಸ್ತೆಯ ಮೇಲೆ ಬಿಸಿಲು ನೀರಿನಂತೆ ಹೊಳೆದು ಹತ್ತಿರ ಹೋದಂತೆ ಮಾಯವಾಗುತ್ತಿತ್ತು. ಒಂದು ದೊಡ್ಡ ಬೇವಿನ ಗಿಡ ಬಂತು. ಅದರ ಬುಡದಲ್ಲಿ ಒದ್ದೆ ಗೋಣಿತಟ್ಟು ಸುತ್ತಿದ ಎರಡು ಮಣ್ಣಿನ ಹರವಿ, ಮೇಲೊಂದು ತಂಬಿಗೆ. ಅರವಟ್ಟಿಗೆ. ದಾರಿಹೋಕರಿಗೆ ನೀರು ಕೊಡುತ್ತ ಗಾಳೆಮ್ಮ ಎಂಬ ಮುದುಕಿ ಅಲ್ಲಿ ಬೇಸಿಗೆಯುದ್ದಕ್ಕೂ ಕೂರುತ್ತಾಳೆ.

ಗಿಡ ಹತ್ತಿರವಾದಾಗ ನಜೀಬ ಕತ್ತು ಹೊರಳಿಸಿ ಆಚೆ ಬದಿಯ ಬರಿ ಹೊಲ ನೋಡತೊಡಗಿದ.

ಹುಚ್ಚೀರಪ್ಪ ಬ್ರೇಕು ಒತ್ತಿದ. ಜೀಪನ್ನು ಹಿಂದಕ್ಕೆ ತಂದ.

"ಯಾಕ್ರಿ ಸಾಹೇಬ್ರ? ಇಲ್ಲಲ್ರಿ, ಇನ್ನೂ ಮುಂದ..."

"ನೀರಡಿಕಿ ಆಗೈತಿ. ಇಳಿ."

ನಜೀಬ ಇಳಿಯಲಿಲ್ಲ. ಆದರೆ ಗಾಳೆಮ್ಮ ಹಣೆಗೆ ಕೈ ಅಡ್ಡ ಹಿಡಿದು ಆಗಲೇ ನೋಡಿಬಿಟ್ಟಿದ್ದಳು.

"ಬಾರೋ ಯಪ್ಪಾ! ಗುರುತಾ ಸಿಗಲಿಲ್ಲ ನೋಡು ಜೀಪಿನ್ಯಾಗ. ನಿಮ್ಮ ಮಾವ ಹ್ಯಾಂಗದಾನ? ದವಾಖಾನಿಯಿಂದ ಮನಿಗೆ ಬಂದನಿಲ್ಲೋ?"

ಮುದುಕಿ ಉತ್ತರಕ್ಕೆ ಕಾಯುತ್ತ ತಂಬಿಗೆ ತುಂಬಿಸಿದಳು. ಹುಚ್ಚೀರಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ನೆಲಕ್ಕೆ ನಾಲ್ಕು ಹನಿ ಚೆಲ್ಲಿ, ಕಣ್ಣು ಮುಚ್ಚಿ ಕುಡಿದ. ಆಮೇಲೆ ತಂಬಿಗೆಯನ್ನು ನಜೀಬನ ಮುಂದೆ ಹಿಡಿದ.

"ಕುಡಿ. ಕುಡದು ಹೇಳು."

ನಜೀಬ ಜೀಪಿನಿಂದ ಜಾರಿದವನಂತೆ ಇಳಿದು ನೆಲದ ಮೇಲೆ ಕುಳಿತುಬಿಟ್ಟ.

"ಮನಿ ಒಡೀತೈತ್ರಿ ಸಾಹೇಬ್ರ."

"ಒಬ್ಬಾಂವ ಲಾಕಪ್ಪಿನ್ಯಾಗ ಅದಾನ. ಅವನ ಮನಿ?"

"ಮುಬಾಶಿರಾ ನನ್ನ ಕಡೆ ಕಸಂ ಹಾಕಿಸಿಕೊಂಡಿದ್ಲು. ಗುಲ್ಶನ ಅಬ್ಬಾನ ಹತ್ರ ಬರಬಾರ್ದು ಅಂತ. ಆದ್ರ ಮಾವ ಕಾರು ಹತ್ತಿದಾಗಿಂದ ಒಂದಾ ಹೆಸರು. ಗುಲ್ಶನ, ಗುಲ್ಶನ. ನನಗ ಕೇಳಾಕ ಆಗಲಿಲ್ರಿ. ಫೋನ್ ಹಚ್ಚಿದೆ. ಆಕಿ ಆಟೋ ತೊಗೊಂಡು ಬಂದು ಇದಾ ಗಿಡದ ಕೆಳಗ ನಿಂತಿದ್ಲು."

"ಗಾಡಿ ಚಾಲೂ ಇಟ್ಟಿದ್ದಿ."

"ಏಸಿ ಬಂದ್ ಮಾಡಿದ್ರ ಮಾವ ಬೇಯತಿದ್ರಲ್ರಿ. ತಂದಿ ಮಗಳು ಮಾತಾಡ್ಲಿ ಅಂತ ನಾ ಆ ಕಲ್ಲಿನ ಮ್ಯಾಲೆ ಬಂದು ಕುಂತೆ. ಆಕಿ ಮುಂದಿನ ಸೀಟಿನ್ಯಾಗ ಕುಂತು ಹಿಂದ ತಿರುಗಿ ಮಾವನ ಕೈ ಹಿಡಕೊಂಡಿದ್ಲು. ಭಾಳ ಹೊತ್ತು ಕುಂತ್ರು. ಆಕಿ ತಾನಾ ಇಳಿದು ಆಟೋ ಹತ್ತೂ ಮಟ ಹೊಂಡ್ರಿ ಅನ್ನಾಕ ನನಗ ಬಾಯಿ ಬರಲಿಲ್ಲ." ಅವನು ಮಣ್ಣು ಹಿಡಿದು ಹಿಚುಕಿದ. "ನಾ ನಿಂದ್ರಸಲಿಲ್ಲ ಅಂದ್ರ ಮಾವ ಬದುಕತಿದ್ರು. ಇದನ್ನ ಮುಬಾಶಿರಾಗ ಹ್ಯಾಂಗ ಹೇಳಲಿ?"

ಅಲ್ಲಿಯ ತನಕ ನಿಂತಿದ್ದ ಗಾಳೆಮ್ಮ ಮೆಲ್ಲಗೆ ಕೂತಳು. "ಹೋದನ?" ಎಂದಳು. ಹುಚ್ಚೀರಪ್ಪ ತಲೆದೂಗಿ ತಂಬಿಗೆಯನ್ನು ಹರವಿಯ ಮೇಲಿಟ್ಟ. "ಶಿವನೇ. ನನ್ನ ಕೈಯಾಗಿನ ನೀರು ಕುಡದು ಹೋದನ."

ಹುಚ್ಚೀರಪ್ಪ ಗಿಡದ ನೆರಳಿನ ಅಂಚಿನಲ್ಲಿ ನೆಲ ನೋಡುತ್ತ ಹೆಜ್ಜೆ ಹಾಕಿದ. ಕಾರು ನಿಂತ ಗುರುತು ಇನ್ನೂ ಇತ್ತು. ಎರಡು ಗಾಲಿಗಳ ನಡುವೆ, ಎರೆಮಣ್ಣಿನ ಮೇಲೆ ಒಣಗಿದ ಹಸಿರು ಕಲೆ. ಕೂಲಂಟ್ ಬೆರೆತ ರೇಡಿಯೇಟರಿನ ನೀರು. ಕುದ್ದು ಉಕ್ಕಿದ್ದು ಇಲ್ಲಿಯೇ. ಅರ್ಧ ಬತ್ತಿದ ಎಂಜಿನ್ನು ಹೊತ್ತುಕೊಂಡು ಕಾರು ಅಷ್ಟು ದೂರ ಹೋಗಿ ಬನ್ನಿಗಿಡದ ತಿರುವಿನಲ್ಲಿ ಶರಣಾಗಿತ್ತು.

"ಅದನ್ನ ನೆಕ್ಕಿ ನನ್ನ ನಾಯಿ ಸತ್ತೈತ್ರಿ," ಎಂದಳು ಗಾಳೆಮ್ಮ. "ಸಿಹಿ ಇರತೈತಂತ ಆ ನೀರು. ಹರವಿ ತುಂಬ ನೀರಿತ್ತು, ಅದನ್ನ ಬಿಟ್ಟು ಅದಕ್ಕ ಬಾಯಿ ಹಾಕ್ತು ಮುಂಡೇದು."

"ಯವ್ವಾ, ನೆನಪು ಮಾಡಿ ಹೇಳು. ಗಾಡಿ ನಿಂತಾಗ ಸದ್ದು ಹ್ಯಾಂಗಿತ್ತು?"

"ಭಾಳ ಇತ್ತಪ್ಪ. ಗುಂಯ್ ಅಂತ ಒಂದಾ ಸಮನ. ಕಿವಿ ಕಿತ್ತು ಹೋಗೂವಂಗ. ಆಮ್ಯಾಲೆ ಸುಮ್ಮನಾತು. ಬಂದ್ ಮಾಡಿದ್ರು ಅಂತ ತಿಳದೆ. ನೋಡ್ತೀನಿ, ಹೊಗಿ ಬಿಡೂ ಕೊಳವಿ ಇನ್ನೂ ನಡಗಾಕ ಹತ್ತಿತ್ತು."

"ಸುಮ್ಮನಾದಾಗ ಈ ನಜೀಬ ಎಲ್ಲಿದ್ದ?"

"ಇಲ್ಲೇ ಕಲ್ಲಿನ ಮ್ಯಾಲೆ. ಮಾರಿ ಮುಚಗೊಂಡು ಕುಂತಿದ್ದ."

"ಗಾಡ್ಯಾಗ?"

"ಮುದುಕ ಹಿಂದ ಮಕ್ಕೊಂಡಿದ್ದ. ಆ ಹುಡಗಿ ಮುಂದ."

ಹುಚ್ಚೀರಪ್ಪನಿಗೆ ಬೇಕಾಗಿದ್ದ ಹೆಸರು ಸಿಕ್ಕಿತ್ತು. ನಜೀಬನಿಗೆ ಅದು ತಿಳಿಯಲಿಲ್ಲ. ಅವನು ಇನ್ನೂ ತನ್ನನ್ನೇ ಬಯ್ದುಕೊಳ್ಳುತ್ತಿದ್ದ. ಸಿಗದೆ ಹೋಗಿದ್ದರೆ ಚೆನ್ನಾಗಿತ್ತು ಎನಿಸುವಂಥ ಹೆಸರು ದೇವರು ಯಾಕೆ ಕೈಗೆ ಕೊಡುತ್ತಾನೋ! ಹುಚ್ಚೀರಪ್ಪ ಅಂಗಿಯ ಮೇಲಿಂದಲೇ ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡ.

*

ಠಾಣೆಗೆ ಮರಳಿದಾಗ ನೆರಳು ಉದ್ದವಾಗಿತ್ತು. ದೂರದ ಮಸೀದಿಯಿಂದ ಇಳಿಹೊತ್ತಿನ ಅಸರ್ ನಮಾಜಿನ ಕೂಗು ಬರುತ್ತಿತ್ತು. ಲಾಕಪ್ಪಿನೊಳಗೆ ಜಹೀರ ತಲೆಗೆ ಕರವಸ್ತ್ರ ಕಟ್ಟಿಕೊಂಡು ನಮಾಜಿಗೆ ನಿಂತಿದ್ದ. ಉಗುರಿನ ಸಂದಿಯ ಎಣ್ಣೆ ಕಪ್ಪು ಎಷ್ಟು ತೊಳೆದರೂ ಹೋಗಿರಲಿಲ್ಲ.

ಹುಚ್ಚೀರಪ್ಪ ಅವನು ಮುಗಿಸುವ ತನಕ ಸರಳಿನ ಈಚೆ ನಿಂತ.

"ಸ್ವಿಚ್ಚು ಸಿಕ್ತು," ಎಂದ.

ಜಹೀರನ ಕಣ್ಣು ಅರಳಲಿಲ್ಲ. ಬಿಡುಗಡೆಯ ಸುದ್ದಿ ಕೇಳಿದವನ ಮುಖ ಅದಾಗಿರಲಿಲ್ಲ.

"ಗಾಳೆಮ್ಮನ ಗಿಡದ ಕೆಳಗ ಗಾಡಿ ನಿಂತಿತ್ತು. ಮುಂದಿನ ಸೀಟಿನ್ಯಾಗ ಯಾರು ಕುಂತಿದ್ರು ಅನ್ನೂದೂ ಗೊತ್ತಾತು."

ಜಹೀರ ಸರಳಿನ ಹತ್ತಿರ ಬಂದ. ಹಿಡಿದು ತಂದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಇದು:

"ಸ್ವಿಚ್ ನಾನಾ ಆಫ್ ಮಾಡಿ ಕೊಟ್ಟಿದ್ದೆ. ಬರ್ಕೋರಿ. ಸಹಿ ಮಾಡ್ತೀನಿ."

"ಸುಳ್ಳು ಹೇಳಬ್ಯಾಡೋ. ಗಾಳೆಮ್ಮ ಫ್ಯಾನಿನ ಸದ್ದು ಕೇಳ್ಯಾಳ. ಅದು ನಿಂತಿದ್ದನ್ನೂ ಕೇಳ್ಯಾಳ."

"ಆ ಮುದುಕಿನ್ನ ಕರೀಬ್ಯಾಡ್ರಿ. ಕೈ ಮುಗೀತೀನಿ."

"ಗುಲ್ಶನಗ ಗೊತ್ತೈತೇನು?"

ಜಹೀರ ಇಲ್ಲವೆಂದು ತಲೆ ಅಲ್ಲಾಡಿಸಿದ. "ಮಾವ ಸತ್ತ ಸಂಜಿ ಆಕಿ ಅಳಕೋತ ಹೇಳಿದ್ಲು. ಅಬ್ಬಾನ ಮಾತು ಕೇಳಸತಿದ್ದಿಲ್ಲ, ಕಾಲಿನ ಹತ್ರ ಒಂದು ಬಟನ್ ಇತ್ತು, ಒತ್ತಿದೆ, ಸದ್ದು ನಿಂತು ಮಾತು ಕೇಳಿಸ್ತು, ಅಲ್ಲಾನ ದಯಾ ಅಂತ. ಆ ಬಟನ್ ಏನು ಅಂತ ಆಕಿಗೆ ತಿಳದಿಲ್ರಿ. ಅಲ್ಲಿ ಹೋಗಿದ್ದನ್ನ ಯಾರಿಗೂ ಹೇಳಬ್ಯಾಡ ಅಂದೆ. ಅಕ್ಕ ಮುಬಾಶಿರಾ ಆಪಾಗ ಅಂಜಿ ನಾ ಹಿಂಗ ಅಂತೀನಿ ಅಂತ ತಿಳಕೊಂಡ್ಲು."

"ಹಗಿಯಿಂದ ಮಾಡಿದ್ದಲ್ಲ ಅದು. ಕಾನೂನು ಆಕಿನ್ನ ಬಿಟ್ಟೀತು ಜಹೀರ."

"ಕಾನೂನು ಬಿಟ್ಟೀತ್ರಿ." ಅವನು ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಆಕಿ ತನ್ನನ್ನ ತಾನು ಬಿಟ್ಟಾಳೇನು? ತಂದಿ ಮಾತು ಕೇಳಾಕ ಹೋಗಿ ತಂದಿ ಜೀವ ತಗದೆ ಅಂತ ಗೊತ್ತಾದ್ರ ಆಕಿ ಬಾವಿ ನೋಡ್ತಾಳ್ರಿ. ನಾ ಜೈಲಿನ್ಯಾಗ ಇದ್ರೂ ಆಕಿ ಬದುಕಿರ್ತಾಳ. ಅಷ್ಟು ಸಾಕು ನನಗ."

ಹಣೆಬರಹಕ್ಕೆ ಹೊಣೆ ಯಾರು ಎಂದು ಹಿರಿಯರು ಕೇಳಿ ಸುಮ್ಮನಾಗುತ್ತಿದ್ದರು. ಠಾಣೆಯಲ್ಲಿ ಹಾಗೆ ಸುಮ್ಮನಾಗಲು ಬರುವುದಿಲ್ಲ. ಇಲ್ಲಿ ಹೊಣೆಗೆ ಒಂದು ಹೆಸರು ಬರೆಯಲೇಬೇಕು. ಹುಚ್ಚೀರಪ್ಪ ಮೇಜಿಗೆ ಬಂದು ಕುಳಿತ. ಒಂದು ಹೆಸರು ಬರೆದರೆ ನಿರಪರಾಧಿ ಜೈಲಿಗೆ. ಇನ್ನೊಂದು ಬರೆದರೆ?

"ಕಾಕಾ."

ಬಾಗಿಲಲ್ಲಿ ಗುಲ್ಶನ. ಕರಿ ಬುರ್ಖಾದ ಅಂಚಿಗೆ ದೂಳು ಮೆತ್ತಿತ್ತು. ಬಸ್ಸಿಗೂ ಕಾಯದೆ ನಡೆದು ಬಂದಂತೆ ಕಾಣುತ್ತಿತ್ತು.

"ನಮ್ಮ ಮನಿಯವರು ಬ್ಯಾಡ ಅಂದಾರ. ಆದ್ರೂ ಬಂದೀನ್ರಿ. ಸಂಜಿಗೆ ಜೈಲಿಗೆ ಒಯ್ತಾರಂತ. ನಾ ಒಂದು ಮಾತು ಬರಸೂದೈತಿ."

ಹುಚ್ಚೀರಪ್ಪ ಎದ್ದುಬಿಟ್ಟ. "ಮೊದಲ ಮನಿಗೆ ಹೋಗು ಯವ್ವಾ. ನಾಳಿ ಬರಸೂವಂತಿ."

"ನಾಳಿ ಬರಸಿ ಏನ್ ಮಾಡ್ಲಿ?" ಅವಳು ಒಳಗೆ ಬಂದಳು. "ಅವರಿಗೂ ಅಬ್ಬಾಗೂ ಹಗಿ ಅಂತ ಆಪಾ ಬರದಾಳಲ್ರಿ. ಹಗಿ ಇಲ್ಲ. ಅಬ್ಬಾ ಮಾಫ್ ಮಾಡಿದ್ರು. ಇಬ್ಬರನ್ನೂ. ಈದಿಗೆ ಅವನನ್ನ ಕರಕೊಂಡು ಮನಿಗೆ ಬಾ ಅಂದ್ರು. ಅದಾ ಅವರ ಕಡೀ ಮಾತು. ನನ್ನ ಕಿವಿಯಿಂದ ಕೇಳೀನಿ."

ಲಾಕಪ್ಪಿನ ಸರಳು ಸದ್ದಾಯಿತು. "ಗುಲ್ಶನ, ಬಾಯಿ ಮುಚ್ಚು! ಮನಿಗೆ ಹೋಗು!"

"ನೋಡ್ರಿ, ಇವತ್ತ ಮಾತಾಡ್ತಾರ! ನಿನ್ನಿಯಿಂದ ಮೂಗ ಆಗಿದ್ರು." ಅವಳು ಅಳುವಿನ ನಡುವೆಯೇ ಗಂಡನನ್ನು ಗದರಿದಳು. "ನೀವು ಸುಮ್ಮನಿರ್ರಿ. ಈಗ ನಾ ಹೇಳೂ ಪಾಳಿ."

"ಮಾಫ್ ಮಾಡಿದ್ರು, ಅಷ್ಟಾ ಬರಕೋತೀನಿ," ಎಂದ ಹುಚ್ಚೀರಪ್ಪ ಗಡಿಬಿಡಿಯಲ್ಲಿ. "ಮತ್ತೇನೂ ಬ್ಯಾಡ. ಆತು, ನಡಿ."

"ಅಷ್ಟಾ ಬರದ್ರ ಯಾರು ನಂಬ್ತಾರ ಕಾಕಾ? ಅಷ್ಟು ಸಣ್ಣ ದನಿ ಹ್ಯಾಂಗ ಕೇಳ್ದಿ ಅಂತಾರ. ಖರೇನ, ಮೊದಲ ನನಗ ಒಂದಕ್ಷರ ಕೇಳಲಿಲ್ಲ. ಗಾಡಿ ಹಂಗ ಮೊರೀತಿತ್ತು. ಆಮ್ಯಾಲೆ ನಾನಾ ಅದನ್ನ..."

"ಗುಲ್ಶನ!"

ಜಹೀರನ ಕೂಗಿಗೆ ಅವಳು ಬೆಚ್ಚಿ ನಿಂತಳು.

"ಹೇಳವಾ. ಅದನ್ನ ಏನ್ ಮಾಡಿದಿ?"

ದನಿ ಬಾಗಿಲ ಕಡೆಯಿಂದ ಬಂದಿತ್ತು. ಕೋರ್ಟಿನ ಕಾಗದಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಪಿಎಸ್‌ಐ ಸುಭಾಷ್ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಗುಲ್ಶನ ತಿರುಗಿ ನೋಡಿದಳು. ಅವಳ ಮುಖದಲ್ಲಿ ಬೆಳಕು ಮೂಡಿತು. ದೊಡ್ಡ ಸಾಹೇಬರೇ ತನ್ನ ಮಾತು ಕೇಳಲು ನಿಂತಿದ್ದಾರೆ. ಕಣ್ಣೊರೆಸಿಕೊಂಡು, ಕೇಳದೆಯೇ ಕುರ್ಚಿ ಎಳೆದು ಕುಳಿತಳು.

"ಹೇಳ್ತೀನ್ರಿ. ಎಲ್ಲಾ ಹೇಳ್ತೀನಿ. ಒಂದೂ ಬಿಡಲಾರದ ಬರ್ಕೋರಿ."

ಸುಭಾಷ್ ಹುಚ್ಚೀರಪ್ಪನ ಮುಖವನ್ನು ನೋಡಿದರು. ಅವರಿಗೆ ಆಗಲೇ ಅರ್ಧ ತಿಳಿದಿತ್ತು.

"ಪೆನ್ನು ತೊಗೋರಿ ಹುಚ್ಚೀರಪ್ಪನವರ."

ಹುಚ್ಚೀರಪ್ಪನ ಕೈ ಮೇಜಿನ ಮೇಲೆಲ್ಲ ಪೆನ್ನು ಹುಡುಕಿತು. ಕಾಗದದ ಕೆಳಗೆ ಹುಡುಕಿತು, ಖಾನೆ ಎಳೆದು ಹುಡುಕಿತು. ಪೆನ್ನು ಅವನ ಅಂಗಿಯ ಜೇಬಿನಲ್ಲೇ ಇತ್ತು. ಸುಭಾಷ್ ಅದನ್ನೇ ನೋಡುತ್ತಿದ್ದರು.